ಓಸಿ ಬರುವ ಮೊದಲೇ ನೋಂದಣಿ ಮಾಡಿಸಬೇಕಾ?

ಹೊರಮಾವಿನ ಹೊಸ ಫ್ಲ್ಯಾಟ್‌ಗೆ ಓಸಿ (ಕಟ್ಟಡ ವಾಸಕ್ಕೆ ಯೋಗ್ಯ ಎಂಬ ಅಧಿಕೃತ ಪ್ರಮಾಣಪತ್ರ) ಇನ್ನೂ ಬಂದಿಲ್ಲ, ಆದರೂ ಬಿಲ್ಡರ್ ಈಗಲೇ ನೋಂದಣಿ ಮಾಡಿಸಿ ಅನ್ನುತ್ತಿದ್ದಾರೆ ಎಂದು ಕೇಳಿದ್ದೀರಿ. ನಾನಾಗಿದ್ದರೆ ಕಾಯುತ್ತಿದ್ದೆ. ಓಸಿ ಬಂದ ಮೇಲೆ ಪೂರ್ತಿ ಹಣ ಕೊಟ್ಟು ಕೊಂಡರೆ ಜಿಎಸ್‌ಟಿ ಇಲ್ಲ. ಅದಕ್ಕೂ ಮೊದಲೇ ಅಡ್ವಾನ್ಸ್ ಕೊಟ್ಟರೆ ಸಾಮಾನ್ಯವಾಗಿ ಶೇ 5 ಬೀಳುತ್ತದೆ. 80 ಲಕ್ಷಕ್ಕೆ 4 ಲಕ್ಷ, ಸುಮ್ನೆ ಯಾಕೆ ಅಲ್ವಾ?

ಓಸಿ ಬಂದರೂ ಆತುರ ಬೇಡ. ಜೋರು ಮಳೆ ಬಂದ ಮರುದಿನ ಹೋಗಿ ಬೇಸ್‌ಮೆಂಟ್, ಕಿಟಕಿ ಮೂಲೆ, ಬಾತ್‌ರೂಮಿನ ಹಿಂದಿನ ಗೋಡೆ ನೋಡಿ. ಹೊಸ ಪೇಂಟ್ ಎಲ್ಲ ಮುಚ್ಚಿಡುತ್ತದೆ! ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಪ್ರಕಾರ 5 ವರ್ಷ ಬಿಲ್ಡರೇ ಜವಾಬ್ದಾರಿ, ಆದರೆ ದೂರನ್ನು ಬರಹದಲ್ಲೇ ಕೊಡಿ. ಇ-ಖಾತಾ (ಆಸ್ತಿಯ ಡಿಜಿಟಲ್ ದಾಖಲೆ), ಮಂಜೂರಾದ ನಕ್ಷೆ ಎರಡನ್ನೂ ನಿಮ್ಮದೇ ವಕೀಲರಿಗೆ ತೋರಿಸಿ, ಬಿಲ್ಡರ್ ಕಡೆಯವರಿಗಲ್ಲ.