ಸೂಜಿ ಹಿಡಿಯುವವರಿಗೂ ಸೂಜಿಯ ಹೆದರಿಕೆ

ಈ ಸಲದ ಪತ್ರಗಳೆಲ್ಲ ಆಸ್ಪತ್ರೆಯ ಒಳಗಿನವರದ್ದೇ. ಊರಿಗೆಲ್ಲ ಚುಚ್ಚುವವರು ತಮ್ಮ ತೋಳು ಕೊಡುವಾಗ ಎಷ್ಟು ಪುಕ್ಕಲರು ಅಂತ ನನಗೆ ಗೊತ್ತು. ಮಂಗಳೂರು, ಉಡುಪಿಯ ವಾರ್ಡುಗಳಲ್ಲಿ 31 ವರ್ಷ ಸಿಸ್ಟರ್ ಆಗಿದ್ದವಳು ನಾನು. ಡಾಕ್ಟರ್ ಅಲ್ಲ, ಹಾಗಾಗಿ ಬೇರೆ ಕಾಯಿಲೆ, ಮಾತ್ರೆ ಇರುವವರು ನಿಮ್ಮ ಡಾಕ್ಟರನ್ನೂ ಒಂದು ಮಾತು ಕೇಳಿ. ಬರೆದವರ ಹೆಸರು ಬಿಟ್ಟಿದ್ದೇನೆ. ಆಸ್ಪತ್ರೆಯದ್ದೂ ಬಿಟ್ಟಿದ್ದೇನೆ. ಕೆಲಸ ಉಳಿಯಬೇಕಲ್ವಾ.

ಪ್ರಶ್ನೆ: ಸಿಸ್ಟರ್, ನಾನು ದೇರಳಕಟ್ಟೆ ಕಡೆ ಐಸಿಯುವಿನಲ್ಲಿ ಸ್ಟಾಫ್ ನರ್ಸ್. ಕಳೆದ ವರ್ಷ ಫ್ಲೂ ಇಂಜೆಕ್ಷನ್ ತೆಗೆದುಕೊಂಡ ಮರುದಿನ ಜ್ವರ, ಮೈಕೈ ನೋವು. ರಜೆ ಕೇಳಿದ್ದಕ್ಕೆ ಇನ್‌ಚಾರ್ಜ್ "ನಾಟಕ ಮಾಡ್ಬೇಡ" ಅಂದರು. ಜ್ವರದಲ್ಲೇ ನೈಟ್ ಡ್ಯೂಟಿ ಮಾಡಿದೆ. ಇಂಜೆಕ್ಷನ್‌ನಿಂದಲೇ ಫ್ಲೂ ಬರುತ್ತದೆ ಅಂತ ಹಾಸ್ಟೆಲಿನಲ್ಲಿ ಎಲ್ಲರೂ ಹೇಳುತ್ತಾರೆ. ಈ ವರ್ಷ ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ. ಜ್ವರ ಬಂದದ್ದು ನಿಜ, ಅದು ಫ್ಲೂ ಅಲ್ಲ. ತೋಳಿಗೆ ಕೊಡುವ ಫ್ಲೂ ಲಸಿಕೆಯಲ್ಲಿ ಜೀವ ಇರುವ ವೈರಸ್ ಇಲ್ಲವೇ ಇಲ್ಲ, ಸತ್ತದ್ದು ಅಥವಾ ಅದರ ಚೂರುಗಳು ಮಾತ್ರ. ಹೊರಗಿನದ್ದೇನೋ ಒಳಗೆ ಬಂತು ಅಂತ ಮೈ ಎದ್ದು ನಿಂತಾಗ ಒಂದೆರಡು ದಿನ ಜ್ವರ, ತೋಳುನೋವು, ಸುಸ್ತು ಆಗುತ್ತದೆ. ಲಸಿಕೆಯ ರಕ್ಷಣೆ ಶುರುವಾಗಲು ಸುಮಾರು ಎರಡು ವಾರ ಬೇಕು. ಅಷ್ಟರೊಳಗೆ ಕೆಮ್ಮುವ ರೋಗಿಯಿಂದ ನಿಜವಾದ ಫ್ಲೂವೇ ಅಂಟಿದರೂ ಬೈಗುಳ ಮಾತ್ರ ಲಸಿಕೆಗೆ. ನಮ್ಮಲ್ಲಿ ಫ್ಲೂ ಜೋರಾಗುವುದು ಮಳೆಗಾಲದಲ್ಲಿ. ಹಾಗಾಗಿ ಮೇ ತಿಂಗಳ ಒಳಗೆ ಮುಗಿಸಿ, ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಓಡಬೇಡಿ.

ಇನ್ನು ನಿಮ್ಮ ಇನ್‌ಚಾರ್ಜ್ ಅಂದ "ನಾಟಕ". ಕೋವಿಡ್ ಲಸಿಕೆಯ ಹಲವು ಪರೀಕ್ಷೆಗಳನ್ನು ಒಟ್ಟು ಮಾಡಿ ನೋಡಿದ ಒಂದು ಲೆಕ್ಕ 2022ರಲ್ಲಿ ಬಂತು. ಲಸಿಕೆಯ ಬದಲು ಔಷಧಿಯೇ ಇಲ್ಲದ ಸುಳ್ಳು ಇಂಜೆಕ್ಷನ್ ತೆಗೆದುಕೊಂಡವರಲ್ಲೂ, ಮೊದಲ ಡೋಸು ಆದ ಮೇಲೆ, 100ಕ್ಕೆ ಸುಮಾರು 35 ಜನ ತಲೆನೋವು, ಸುಸ್ತು ಅಂತ ಹೇಳಿದ್ದರು. ಹೆದರಿಕೆಗೂ ಅಷ್ಟು ಶಕ್ತಿ ಉಂಟು. ಆದರೆ ಹೆದರಿಕೆಯಿಂದ ಬಂದ ತಲೆನೋವೂ ತಲೆನೋವೇ ಮಾರಾಯ್ರೆ, ಅದರಲ್ಲಿ ನಾಟಕ ಎಲ್ಲಿಂದ ಬಂತು? ತಪ್ಪು ಇರುವುದು ರೋಸ್ಟರ್‌ನಲ್ಲಿ. ಇಡೀ ಐಸಿಯುಗೆ ಒಂದೇ ದಿನ ಚುಚ್ಚಿ ಮರುದಿನ ಎಲ್ಲರೂ ಡ್ಯೂಟಿಗೆ ಬನ್ನಿ ಅಂದರೆ ಹೇಗೆ? ನಾಲ್ಕು ನಾಲ್ಕು ಜನರಂತೆ ಹಂಚಿ, ನಿಮ್ಮ ವಾರದ ರಜೆಯ ಹಿಂದಿನ ದಿನ ಹಾಕಿಸಿ ಅಂತ ಕೇಳಿ. ಜ್ವರ ಬಂದರೆ ಪ್ಯಾರಸಿಟಮಾಲ್. ಬರುವ ಮೊದಲೇ ನುಂಗುವುದು ಬೇಡ.

ಪ್ರಶ್ನೆ: ಉಡುಪಿಯ ಒಂದು ಆಸ್ಪತ್ರೆಯಲ್ಲಿ ಕ್ಲೀನಿಂಗ್ ಕೆಲಸ, ಕಂಟ್ರಾಕ್ಟಿನಲ್ಲಿ. ಹೆಪಟೈಟಿಸ್ ಬಿ ಇಂಜೆಕ್ಷನ್ ಎರಡು ಆಗಿದೆ. ಎರಡನೆಯದ್ದು ಹಾಕಿದ ಕೂಡಲೇ ಕಣ್ಣು ಕತ್ತಲೆ ಬಂದು ಬಿದ್ದೆ. ಅಲರ್ಜಿ ಅಂತ ಮೂರನೆಯದ್ದು ಬಿಟ್ಟು ಎರಡು ವರ್ಷ ಆಯ್ತು. ಮೊನ್ನೆ ಕಸದ ಚೀಲದಿಂದ ಸೂಜಿ ಚುಚ್ಚಿತು. ಸೂಪರ್‌ವೈಸರ್ "ತೊಳ್ಕೊ, ಎಂತ ಆಗುದಿಲ್ಲ" ಅಂದರು.

ಉತ್ತರ: ಅಕ್ಕ, ಪತ್ರ ಓದಿದ ದಿನವೇ ನಿಮಗೆ ಫೋನ್ ಮಾಡಿ ಹೇಳಿದ್ದೇನೆ. ನಿಮ್ಮ ಹಾಗೆ ಇನ್ನೂ ಎಷ್ಟೋ ಜನ ಇದ್ದಾರೆ, ಅವರಿಗಾಗಿ ಇಲ್ಲಿ ಮತ್ತೆ.

ಮೊದಲು ಸೂಜಿಯ ವಿಷಯ. ಸೋಪು ನೀರಿನಲ್ಲಿ ತೊಳೆಯಿರಿ, ಹಿಂಡಬೇಡಿ, ಬಾಯಲ್ಲಿ ಚೀಪಬೇಡಿ. ಆಮೇಲೆ ಸೂಪರ್‌ವೈಸರ್ ಹತ್ತಿರ ಅಲ್ಲ, ಸೀದಾ ಕ್ಯಾಶುವಾಲ್ಟಿಗೆ ಹೋಗಿ ಬರೆಸಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಎರಡು ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು, 72 ಗಂಟೆ ದಾಟಿದರೆ ಪ್ರಯೋಜನ ಇಲ್ಲ. ಎಲ್ಲರೂ ಎಚ್‌ಐವಿಗೆ ನಡುಗುತ್ತಾರೆ. ಸೋಂಕು ಇರುವವರ ಸೂಜಿ ಚುಚ್ಚಿದರೆ ಅದು ಅಂಟುವುದು 1000ಕ್ಕೆ ಸುಮಾರು 3 ಜನರಿಗೆ. ಲಸಿಕೆ ಆಗದವರಿಗೆ ಹೆಪಟೈಟಿಸ್ ಬಿ ಅಂಟುವುದು 100ಕ್ಕೆ 30 ಜನರವರೆಗೂ. ಲಸಿಕೆ ಇರುವುದು ಈ ಎರಡನೆಯದ್ದಕ್ಕೆ, ನಾವು ಬಿಟ್ಟುಬಿಡುವುದೂ ಇದನ್ನೇ.

ನೀವು ಬಿದ್ದದ್ದು ಅಲರ್ಜಿಯಿಂದ ಇರಲಾರದು. ಸೂಜಿ ಕಂಡು ತಲೆ ತಿರುಗುವವರ ಮುಖ ಬಿಳುಚುತ್ತದೆ, ತಣ್ಣಗೆ ಬೆವರುತ್ತದೆ, ಮಲಗಿಸಿ ಕಾಲು ಎತ್ತಿ ಹಿಡಿದರೆ ಐದು ನಿಮಿಷದಲ್ಲಿ ಎದ್ದು ಚಾ ಕೇಳುತ್ತಾರೆ. ದೊಡ್ಡ ಅಲರ್ಜಿ ಬೇರೆ. ಮೈಮೇಲೆ ದದ್ದು ಏಳುತ್ತದೆ, ತುಟಿ ಮುಖ ಊದುತ್ತದೆ, ಉಸಿರು ಕಟ್ಟುತ್ತದೆ. ತೊಡೆಗೆ ಅಡ್ರಿನಲಿನ್ ಕೊಡದೆ ಅದು ಬಿಡುವುದಿಲ್ಲ. ಹೆಚ್ಚಿನ ಲಸಿಕೆಗಳಲ್ಲಿ ಅದು 10 ಲಕ್ಷ ಡೋಸಿಗೆ ಒಂದರ ಲೆಕ್ಕದಲ್ಲಿ ಬರುವಂಥದ್ದು. ಇಂಜೆಕ್ಷನ್ ಆದ ಮೇಲೆ ಅರ್ಧ ಗಂಟೆ ಕೂರಿಸುವುದು ಅದಕ್ಕೇ. ನೀವು ಮೂರನೆಯದ್ದನ್ನು ಮಲಗಿಕೊಂಡೇ ಹಾಕಿಸಿ. ಮೊದಲಿನಿಂದ ಶುರು ಮಾಡಬೇಕಾಗಿಲ್ಲ, ಎಷ್ಟು ವರ್ಷ ತಡ ಆದರೂ ಉಳಿದದ್ದು ಮಾತ್ರ ಸಾಕು. ಅದಾಗಿ ಒಂದೆರಡು ತಿಂಗಳಿಗೆ ಟೈಟರ್ ಟೆಸ್ಟ್ ಮಾಡಿಸಿ, ಲಸಿಕೆ ಹಿಡಿದಿದೆಯಾ ಅಂತ ನೋಡುವ ರಕ್ತ ಪರೀಕ್ಷೆ ಅದು. ರಿಪೋರ್ಟಿನಲ್ಲಿ 10 ಅಥವಾ ಜಾಸ್ತಿ ಇದ್ದರೆ ರಕ್ಷಣೆ ಉಂಟು ಅಂತ ಅರ್ಥ.

ದುಡ್ಡು ಯಾರು ಕೊಡಬೇಕು ಅಂತಲೂ ಕೇಳಿದ್ದೀರಿ. 2016ರ ಬಯೋಮೆಡಿಕಲ್ ವೇಸ್ಟ್ ನಿಯಮದ ಪ್ರಕಾರ ಆ ಕಸ ಮುಟ್ಟುವ ಎಲ್ಲರಿಗೂ ಹೆಪಟೈಟಿಸ್ ಬಿ ಮತ್ತು ಟೆಟನಸ್ ಲಸಿಕೆ ಹಾಕಿಸುವುದು ಆಸ್ಪತ್ರೆಯ ಕೆಲಸ. ಕಂಟ್ರಾಕ್ಟಿನವರನ್ನು ಬಿಡಿ ಅಂತ ಅದರಲ್ಲಿ ಎಲ್ಲೂ ಇಲ್ಲ. ಸೂಜಿ ಕಸದ ಚೀಲಕ್ಕೆ ಹೋಗುವುದೂ ತಪ್ಪೇ, ಅದಕ್ಕೆ ಬಿಳಿ ಗಟ್ಟಿ ಡಬ್ಬಿ ಉಂಟು. ಚೀಲಕ್ಕೆ ಹಾಕಿದವರು ಖಂಡಿತ ನಮ್ಮ ನರ್ಸ್ ಅಥವಾ ಡಾಕ್ಟರುಗಳಲ್ಲೇ ಒಬ್ಬರು, ಹೇಳಲು ನನಗೆ ನಾಚಿಕೆ.

ಪ್ರಶ್ನೆ: ಕುಂದಾಪುರದಲ್ಲಿ ಆಸ್ಪತ್ರೆಯ ಫಾರ್ಮಸಿಸ್ಟ್. 2021ರ ಜನವರಿಯಲ್ಲೇ ಕೋವಿಶೀಲ್ಡ್ ತೆಗೆದುಕೊಂಡೆ. 2024ರಲ್ಲಿ ರಕ್ತ ಹೆಪ್ಪುಗಟ್ಟುವ ಸುದ್ದಿ, 2025ರಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ. ಎದೆ ಸ್ವಲ್ಪ ಹಿಡಿದರೂ ಅದೇ ಯೋಚನೆ. ರಕ್ತ ಹೆಪ್ಪುಗಟ್ಟಿದೆಯಾ ಅಂತ ನೋಡುವ ಡಿ-ಡೈಮರ್ ಟೆಸ್ಟ್ ಮಾಡಿಸಲಾ?

ಉತ್ತರ: ಬೇಡ, ದುಡ್ಡು ಉಳಿಸಿ. ಆ ತೊಂದರೆ ಸುಳ್ಳಲ್ಲ, ಕೆಲವು ಕಡೆ ಜೀವಗಳೂ ಹೋಗಿವೆ. ಪ್ಲೇಟ್‌ಲೆಟ್ ಇಳಿದು ರಕ್ತ ಹೆಪ್ಪುಗಟ್ಟುವ ಅಪರೂಪದ ತೊಂದರೆ ಅದು. ಆದರೆ 2024ರಲ್ಲಿ ಹೊರಬಿದ್ದ ಗುಟ್ಟೇನಲ್ಲ, 2021ರಲ್ಲೇ ಗೊತ್ತಾಗಿತ್ತು. ಆ ವರ್ಷ ಮೇ ತಿಂಗಳಲ್ಲಿ ನಮ್ಮ ದೇಶದ ಸಮಿತಿ ಹೇಳಿದ ಲೆಕ್ಕ 10 ಲಕ್ಷ ಡೋಸಿಗೆ 0.61, ಬ್ರಿಟನ್ನಿನ ಲೆಕ್ಕ 4. ಮುಖ್ಯ ಏನೆಂದರೆ ಅದು ಬರುವುದು ಇಂಜೆಕ್ಷನ್ ಆದ 4ರಿಂದ 42 ದಿನದೊಳಗೆ. ನಿಮ್ಮದು ವರ್ಷಗಳೇ ಕಳೆದಿವೆ.

ಹಾಸನದ ವಿಷಯದಲ್ಲಿ ಸರ್ಕಾರದ ತಜ್ಞರ ಸಮಿತಿಯೇ ಲಸಿಕೆಗೂ ಅದಕ್ಕೂ ಸಂಬಂಧ ಸಿಗಲಿಲ್ಲ ಅಂದಿದೆ. ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ 47 ಆಸ್ಪತ್ರೆಗಳಲ್ಲಿ, 18ರಿಂದ 45 ವರ್ಷದವರ ಹಠಾತ್ ಸಾವುಗಳನ್ನು ನೋಡಿತ್ತು. ಅಪಾಯ ಹೆಚ್ಚಿಸಿದ್ದು ಕೋವಿಡ್ ಜೋರಾಗಿ ಆಸ್ಪತ್ರೆ ಸೇರಿದ್ದು, ಮನೆಯಲ್ಲಿ ಯಾರಾದರೂ ಹಾಗೆ ಹಠಾತ್ತಾಗಿ ತೀರಿಹೋಗಿದ್ದು, ಸಾಯುವ ಎರಡು ದಿನದೊಳಗೆ ವಿಪರೀತ ಕುಡಿದದ್ದು, ಮೈಮೀರಿ ವ್ಯಾಯಾಮ ಮಾಡಿದ್ದು. ಲಸಿಕೆ ಅಲ್ಲ. ಆದರೂ ಎದೆ ಹಿಡಿಯುತ್ತದೆ ಅಂದಿದ್ದೀರಲ್ಲ, ಅದನ್ನು ಸುಮ್ನೆ ಬಿಡಬೇಡಿ. ಇಸಿಜಿ, ಬಿಪಿ, ಶುಗರ್ ನೋಡಿಸಿ, ಇವತ್ತೇ.

ಪ್ರಶ್ನೆ: ಐದು ತಿಂಗಳ ಗರ್ಭಿಣಿ, ಮಕ್ಕಳ ವಾರ್ಡಿನಲ್ಲಿ ಡ್ಯೂಟಿ. ಯಾವ ಲಸಿಕೆ ಆಗುತ್ತದೆ?

ಉತ್ತರ: ಫ್ಲೂ, ಟಿಡಿ (ಟೆಟನಸ್ ಮತ್ತು ಡಿಫ್ತೀರಿಯಾದ್ದು), ಬೇಕಿದ್ದರೆ ಹೆಪಟೈಟಿಸ್ ಬಿ ಎಲ್ಲ ಆಗುತ್ತದೆ. ದಡಾರ-ರುಬೆಲ್ಲಾ ಮತ್ತು ಚಿಕನ್‌ಪಾಕ್ಸ್ ಲಸಿಕೆ ಈಗ ಬೇಡ, ಅವು ಜೀವ ಇರುವ ವೈರಸ್ಸಿನವು. ಬಾಣಂತನದಲ್ಲಿ ತೆಗೆದುಕೊಳ್ಳಬಹುದು.

ಪ್ರಶ್ನೆ: ಸುರತ್ಕಲ್‌ನಲ್ಲಿ ಬ್ರದರ್ ಆಗಿದ್ದೇನೆ. ಟಿಡಿ ಇಂಜೆಕ್ಷನ್ ಆಗಿ ಆರು ವಾರ, ಹಾಕಿದ ದಿನವೇ ಶುರುವಾದ ಭುಜದ ನೋವು ಹೋಗಿಲ್ಲ. ಡ್ರಿಪ್ ಬಾಟಲಿ ನೇತುಹಾಕಲೂ ಕೈ ಏಳುವುದಿಲ್ಲ. ಡಾಕ್ಟರ್ "ಮನಸ್ಸಿನದ್ದು" ಅಂದರು.

ಉತ್ತರ: ನಿಮ್ಮನ್ನು ನಾನು ಪೂರ್ತಿ ನಂಬುತ್ತೇನೆ. ತೋಳುನೋವು ಎರಡು ಮೂರು ದಿನದ್ದು, ಆರು ವಾರದ್ದಲ್ಲ. ಇಂಜೆಕ್ಷನ್ ಭುಜದ ತೀರಾ ಮೇಲೆ ಬಿದ್ದು ಮಾಂಸಖಂಡದ ಬದಲು ಕೀಲಿನ ಹತ್ತಿರ ಹೋದರೆ ಹೀಗಾಗುತ್ತದೆ. ತಪ್ಪು ಔಷಧಿಯದ್ದಲ್ಲ, ಚುಚ್ಚಿದ ಕೈಯದ್ದು. ಭುಜದ ಎಲುಬಿನ ತುದಿಯಿಂದ ಎರಡು ಮೂರು ಬೆರಳು ಕೆಳಗೆ ಚುಚ್ಚಬೇಕು. ಹಾಕುವವರು ನಿಂತು, ಹಾಕಿಸಿಕೊಳ್ಳುವವರು ಕೂತರೆ ಸೂಜಿ ಮೇಲೆಯೇ ಹೋಗುತ್ತದೆ. 2021ರಲ್ಲಿ ಉದ್ದದ ಕ್ಯೂ ಇತ್ತು, ಪಿಪಿಇ ಒಳಗೆ ಬೆವರು, ನಾನೂ ದಿನವಿಡೀ ನಿಂತೇ ಚುಚ್ಚಿದ್ದೇನೆ. ಯಾರ ಭುಜ ಹಾಳು ಮಾಡಿದ್ದೇನೋ, ಯಾರೂ ಬಂದು ಹೇಳಲಿಲ್ಲ.

ಮೂಳೆ ಡಾಕ್ಟರಿಗೆ ತೋರಿಸಿ, ಭುಜದ ಸ್ಕ್ಯಾನ್ ಕೇಳಿ. ಹೆಚ್ಚಿನವರಿಗೆ ಫಿಸಿಯೋಥೆರಪಿಯಲ್ಲಿ ಕಡಿಮೆ ಆಗುತ್ತದೆ. ಜೊತೆಗೆ ಎಇಎಫ್‌ಐ ರಿಪೋರ್ಟ್ ಬರೆಸಿ. ಯಾರ ಮೇಲೋ ದೂರು ಕೊಟ್ಟ ಹಾಗೆ ಆಗುತ್ತದೆ ಅಂತ ಸಂಕೋಚ ಬೇಡ. ಲಸಿಕೆಯ ನಂತರ ಏನಾದರೂ ಆದರೆ, ಕಾರಣ ಯಾವುದೇ ಇರಲಿ, ಬರೆಯುವ ಫಾರ್ಮು ಅದು. ಕಾರಣ ನೋಡುವುದು ಸಮಿತಿಯ ಕೆಲಸ. ನಿಮ್ಮಲ್ಲಿ ಬರೆದುಕೊಳ್ಳಲು ಒಪ್ಪದಿದ್ದರೆ 1800 180 3024 ಅಂತ ಉಚಿತ ನಂಬರ್ ಉಂಟು, ಔಷಧಿಯ ಅಡ್ಡಪರಿಣಾಮ ಹೇಳಲಿಕ್ಕೇ ಇರುವಂಥದ್ದು. ಲಸಿಕೆಯ ಬ್ಯಾಚ್ ನಂಬರ್ ರಿಜಿಸ್ಟರಿನಲ್ಲಿ ಇರುತ್ತದೆ, ಮೊದಲು ಅದರ ಫೋಟೋ ತೆಗೆದಿಟ್ಟುಕೊಳ್ಳಿ.