ಕರಿಕೋಟು ಹಾಕುವ ಮೊದಲು: ಓದುಗರ ಪ್ರಶ್ನೆ, ವಕೀಲರ ಉತ್ತರ

ಕೋರ್ಟಿನಲ್ಲಿ ನಿಂತು ಕೇಸು ನಡೆಸುವ ವಕೀಲಿಕೆಗೆ ಬರುವುದು ಹೇಗೆ, ಬಂದ ಮೇಲೆ ಮುಂದೇನು ಎಂದು ಕೇಳಿದ ಪತ್ರಗಳಲ್ಲಿ ಐದನ್ನು ಈ ಸಲ ಆರಿಸಿದ್ದೇವೆ.

ಬ್ಯಾಂಕಿನಲ್ಲಿದ್ದೇನೆ, ವಯಸ್ಸು 43. ಕಾನೂನು ಓದಿ, ಕೆಲಸ ಬಿಡದೆ ವಾರಕ್ಕೆ ಎರಡು ದಿನ ರಜೆ ಹಾಕಿ ಪ್ರಾಕ್ಟೀಸ್ ಮಾಡಬಹುದೇ? – ಓದುಗರು, ಶಿವಮೊಗ್ಗ

ವಯಸ್ಸು ಅಡ್ಡಿಯಲ್ಲ. 45 ದಾಟಿದವರನ್ನು ನೋಂದಾಯಿಸಬಾರದು ಎಂಬ ಭಾರತೀಯ ವಕೀಲರ ಪರಿಷತ್ತಿನ ನಿಯಮವನ್ನು ಸುಪ್ರೀಂ ಕೋರ್ಟ್ 1995ರಲ್ಲೇ ರದ್ದು ಮಾಡಿದೆ. ಅಡ್ಡಿಯಾಗುವುದು ನಿಮ್ಮ ಸಂಬಳ. ಪರಿಷತ್ತಿನ 49ನೇ ನಿಯಮದ ಪ್ರಕಾರ ಪೂರ್ಣಾವಧಿ ಸಂಬಳದ ನೌಕರಿಯಲ್ಲಿ ಇರುವವರು ವಕೀಲಿಕೆ ಮಾಡುವಂತಿಲ್ಲ. ನೌಕರಿ ಮುಚ್ಚಿಟ್ಟು ಸನ್ನದು (ವಕೀಲಿಕೆಯ ಪರವಾನಗಿ) ತೆಗೆದುಕೊಂಡರೆ ಅದು ವೃತ್ತಿ ದುರ್ನಡತೆಯಾಗುತ್ತದೆ. ಎದುರಾಳಿ ಕಕ್ಷಿದಾರ ಕೊಡುವ ಒಂದು ದೂರಿನಿಂದ ಎಲ್ಲ ಹೊರಬರುತ್ತದೆ. ರಾಜೀನಾಮೆ ಇಲ್ಲವೇ ಸ್ವಯಂ ನಿವೃತ್ತಿ ಮೊದಲು, ಸನ್ನದು ಆಮೇಲೆ. ಪಿಂಚಣಿ ಬರುತ್ತಿದ್ದರೆ ತೊಂದರೆ ಇಲ್ಲ.

ಅಂಚೆ ಶಿಕ್ಷಣದ ಕಾನೂನು ಪದವಿಗೆ ನೋಂದಣಿ ಸಿಗುವುದಿಲ್ಲ, ಅದಕ್ಕೆ ದುಡ್ಡು ಸುರಿಯಬೇಡಿ. ಮೂರು ವರ್ಷದ ಕೋರ್ಸಿಗೆ ತರಗತಿ ಹಾಜರಿ ಬೇಕೇ ಬೇಕು.

ನಿಮ್ಮ ಹಿನ್ನೆಲೆಗೆ ಬೆಲೆ ಬರುವುದು ಚೆಕ್ ಬೌನ್ಸ್, ಸಾಲ ವಸೂಲಿ, ಸರ್ಫೇಸಿ (ಅಡಮಾನದ ಆಸ್ತಿಯನ್ನು ಬ್ಯಾಂಕೇ ವಶಕ್ಕೆ ತೆಗೆದುಕೊಳ್ಳಲು ಬಿಡುವ ಕಾಯ್ದೆ) ಪ್ರಕರಣಗಳಲ್ಲಿ. ಬ್ಯಾಂಕ್ ಅಡಮಾನದ ಆಸ್ತಿಗೆ ಕೈ ಹಾಕಿದರೆ ಸಾಲಗಾರ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಾಧಿಕರಣಕ್ಕೆ ಹೋಗಬೇಕು. ಬ್ಯಾಂಕ್ ಕಳಿಸಿದ ನೋಟಿಸಿನಲ್ಲಿ ಬಡ್ಡಿಯ ಲೆಕ್ಕ ಎಲ್ಲಿ ತಪ್ಪಿದೆ ಎಂದು ಕಂಡುಹಿಡಿಯುವುದು ಬ್ಯಾಂಕಿನ ಒಳಗಿದ್ದವರಿಗೆ ಸುಲಭ. ಕಂಪ್ಯೂಟರಿನಿಂದ ತೆಗೆದ ಖಾತೆ ವಿವರಕ್ಕೆ ಕಾನೂನು ಕೇಳುವ ಪ್ರಮಾಣಪತ್ರ ಲಗತ್ತಿಸದಿದ್ದರೆ ಸಾಕ್ಷ್ಯದ ಹಂತದಲ್ಲಿ ಆಕ್ಷೇಪಣೆ ಖಂಡಿತ. ಇದನ್ನು ನೀವು ಬೇರೆಯವರಿಗಿಂತ ಮೊದಲು ಹಿಡಿಯಬಲ್ಲಿರಿ.

ಪದವಿ ಬಂತು. ಸನ್ನದಿಗೆ ಎಷ್ಟು ಖರ್ಚು? ಪರೀಕ್ಷೆ ಕಡ್ಡಾಯವೇ? – ವಿದ್ಯಾರ್ಥಿನಿ, ಹಾವೇರಿ

ವಕೀಲರ ಕಾಯ್ದೆ 1961ರ ಪ್ರಕಾರ ನೋಂದಣಿ ಶುಲ್ಕ ರಾಜ್ಯ ಪರಿಷತ್ತಿಗೆ 600, ಭಾರತೀಯ ಪರಿಷತ್ತಿಗೆ 150 ರೂಪಾಯಿ. ಪರಿಶಿಷ್ಟರಿಗೆ 100 ಮತ್ತು 25. ಪರಿಷತ್ತುಗಳು ನೋಂದಣಿಗೆಂದು ಇದಕ್ಕಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ತೀರ್ಪು ಕೊಟ್ಟಿದೆ. ಅಖಿಲ ಭಾರತ ವಕೀಲರ ಪರೀಕ್ಷೆ ಕಡ್ಡಾಯ: 100 ಪ್ರಶ್ನೆ, ತಪ್ಪಿಗೆ ಅಂಕ ಕಡಿತವಿಲ್ಲ. ಟಿಪ್ಪಣಿ ಇಲ್ಲದ ಕಾಯ್ದೆ ಪುಸ್ತಕ ಒಳಗೆ ಒಯ್ಯಬಹುದು. ಕೆಲವರು ಸೋಲುವುದು ಇದೇ ಧೈರ್ಯದಿಂದ. ಯಾವ ಕಲಮು ಎಲ್ಲಿದೆ ಎಂಬ ಅಂದಾಜಿಲ್ಲದೆ ಪುಟ ತಿರುವುವುದರಲ್ಲೇ ಹೊತ್ತು ಹೋಗುತ್ತದೆ.

ತಾಲ್ಲೂಕು ಕೋರ್ಟಿನಲ್ಲಿ ಶುರು ಮಾಡಲೇ, ನೇರ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗಲೇ? ಕನ್ನಡ ಮಾಧ್ಯಮದವನು, ಇಂಗ್ಲಿಷಿನ ಭಯವೂ ಇದೆ. – ಯುವ ವಕೀಲರು, ಗದಗ

ಮೊದಲ ಮೂರು ವರ್ಷ ವಿಚಾರಣಾ ನ್ಯಾಯಾಲಯದಲ್ಲೇ ಇರಿ. ಹೈಕೋರ್ಟಿನಲ್ಲಿ ಹೆಚ್ಚಿನ ಕೆಲಸ ಅಫಿಡವಿಟ್, ಕೆಳ ಕೋರ್ಟಿನ ದಾಖಲೆ, ಕಾನೂನಿನ ವಾದದ ಮೇಲೆ ನಡೆಯುತ್ತದೆ. ಸಾಕ್ಷಿ ಕಟಕಟೆ ಹತ್ತುವುದು ಅಪರೂಪ. ಪಾಟಿ ಸವಾಲು ಮಾಡುವುದನ್ನೂ ಯಾವ ಪ್ರಶ್ನೆ ಕೇಳದೆ ಬಿಡಬೇಕು ಎಂಬುದನ್ನೂ ಕಲಿಯುವ ಜಾಗ ಮುನ್ಸಿಫ್ ಕೋರ್ಟು. ಪಾಲಿನ ದಾವೆ, ತಡೆಯಾಜ್ಞೆ, ಜಾಮೀನು, ಜೀವನಾಂಶ, ಚೆಕ್ ಬೌನ್ಸ್ ಎಲ್ಲವೂ ಅಲ್ಲಿ ಒಂದೇ ದಿನ ಕಣ್ಣಿಗೆ ಬೀಳುತ್ತವೆ. ಭಾಷೆ ಅಲ್ಲಿ ಕನ್ನಡವೇ. ಹೈಕೋರ್ಟಿನ ಭಾಷೆ ಮಾತ್ರ ಇಂಗ್ಲಿಷ್. ಆ ಭಯ ಹೋಗಬೇಕಾದರೆ ದಿನಕ್ಕೊಂದು ಹೈಕೋರ್ಟ್ ತೀರ್ಪು ಓದಿ, ಅದರ ಸಂಗತಿಗಳನ್ನು ನಿಮ್ಮದೇ ಇಂಗ್ಲಿಷಿನಲ್ಲಿ ಒಂದು ಪುಟಕ್ಕೆ ಇಳಿಸಿ.

ಸೀನಿಯರ್ ಯಾರು ಎಂಬುದು ಊರಿಗಿಂತ ಮುಖ್ಯ. ಹತ್ತು ದಿನ ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಕೂತು ನೋಡಿ: ಯಾರು ಸಾಕ್ಷಿಯನ್ನು ತಾವೇ ಪಾಟಿ ಸವಾಲಿಗೆ ಒಳಪಡಿಸುತ್ತಾರೆ, ಯಾರು ಪ್ರತಿ ಸಲ ವಾಯಿದೆ ಕೇಳುತ್ತಾರೆ, ಯಾರ ಜೂನಿಯರಿಗೆ ಬಾಯಿ ಬಿಡುವ ಅವಕಾಶವಿದೆ. ದೊಡ್ಡ ಹೆಸರಿನ ಕಚೇರಿಯಲ್ಲಿ ಆರನೇ ಜೂನಿಯರ್ ಆಗಿ ಫೈಲು ಹೊರುವುದಕ್ಕಿಂತ ಮಧ್ಯಮ ಕಚೇರಿಯಲ್ಲಿ ಎರಡನೆಯವರಾಗಿ ದಾವಾ ಅರ್ಜಿಯ ಕರಡು ಬರೆಯುವುದು ಮೇಲು ಎಂಬುದು ನಮ್ಮ ಅಭಿಪ್ರಾಯ.

ಇನ್ನು ಡೈರಿ. ಹೊಸಬರು ಬೀಳುವುದು ವಾದದಲ್ಲಲ್ಲ, ತಾರೀಕಿನಲ್ಲಿ. ಸಮನ್ಸ್ ತಲುಪಿದ 30 ದಿನಕ್ಕೆ ಪ್ರತಿವಾದಿಯ ಲಿಖಿತ ಹೇಳಿಕೆ ಬರಬೇಕು, ಕೋರ್ಟು ಅದನ್ನು 90 ದಿನದವರೆಗೆ ವಿಸ್ತರಿಸಬಹುದು. ವಾಣಿಜ್ಯ ದಾವೆಯಲ್ಲಿ 120 ದಿನ ಕಳೆದರೆ ಬಾಗಿಲು ಮುಚ್ಚಿತು. ಚೆಕ್ ಬೌನ್ಸಿನಲ್ಲಿ ಚೆಕ್ ಮರಳಿಸಿದ ಬ್ಯಾಂಕಿನ ಮೆಮೊ ಕೈಸೇರಿದ 30 ದಿನದೊಳಗೆ ನೋಟಿಸ್, ಅದು ತಲುಪಿದ ಮೇಲೆ ಹಣ ಕೊಡಲು 15 ದಿನ, ಆ ಗಡುವು ಮುಗಿದ ಒಂದು ತಿಂಗಳೊಳಗೆ ದೂರು. ಬಹಳ ಮಂದಿ ತಪ್ಪುವುದು ಮಧ್ಯದ ಹದಿನೈದರಲ್ಲಿ: ಅದು ಮುಗಿಯುವ ಮೊದಲೇ ದೂರು ಹಾಕಿ ಅವಧಿಗೆ ಮುನ್ನದ ದೂರು ಎನಿಸಿಕೊಳ್ಳುತ್ತಾರೆ. ಆದ್ದರಿಂದ ಅಂಚೆಯ ಸ್ವೀಕೃತಿ ತಾರೀಕನ್ನು ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿಡಿ. ಮೊಬೈಲಿನಲ್ಲಿ ಕೇಸಿನ ಸ್ಥಿತಿ ನೋಡಿಕೊಂಡರೆ ಸಾಕು ಎನ್ನುವವರಿದ್ದಾರೆ, ಸಾಲದು. ಮುಂದಿನ ವಾಯಿದೆ ಅಲ್ಲಿ ಸಿಗುತ್ತದೆ, ಕಾಲಮಿತಿಯ ಲೆಕ್ಕ ಸಿಗುವುದಿಲ್ಲ.

ಮಗ ಸಿವಿಲ್ ಎಂಜಿನಿಯರ್, ಈಗ ಕಾನೂನು ಓದುತ್ತಿದ್ದಾನೆ. ಓದಿದ್ದೆಲ್ಲ ನೀರುಪಾಲಾಯಿತೇ? – ತಂದೆ, ಕಲಬುರಗಿ

ಇಲ್ಲ. ಗುತ್ತಿಗೆದಾರರ ಬಿಲ್ಲಿನ ಜಗಳಗಳ ಮಧ್ಯಸ್ಥಿಕೆ, ಭೂಸ್ವಾಧೀನದ ಪರಿಹಾರ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ), ಗಡಿ ಒತ್ತುವರಿ ದಾವೆಗಳಲ್ಲಿ ಅಳತೆ ಪುಸ್ತಕ ಓದಬಲ್ಲ ವಕೀಲರು ಕಡಿಮೆ. ಕೋರ್ಟು ನೇಮಿಸಿದ ಕಮಿಷನರ್ ಸ್ಥಳ ತನಿಖೆ ಮಾಡಿ ನಕ್ಷೆ ಕೊಟ್ಟಾಗ ಅದನ್ನು ಯಾವ ಸರ್ವೆ ಕಲ್ಲಿನಿಂದ ಅಳೆದದ್ದು ಎಂದು ಕೇಳುವವರಿಲ್ಲದೆ ಎಷ್ಟೋ ವರದಿಗಳು ಹಾಗೇ ದಾಟಿಹೋಗುತ್ತವೆ. ಪೇಟೆಂಟ್ ಏಜೆಂಟ್ ಪರೀಕ್ಷೆಗೂ ವಿಜ್ಞಾನ ಇಲ್ಲವೇ ಎಂಜಿನಿಯರಿಂಗ್ ಪದವಿ ಬೇಕು. ಆದರೆ ಮೊದಲ ವರ್ಷವೇ ಒಂದು ವಿಷಯಕ್ಕೆ ಅಂಟಿಕೊಳ್ಳುವುದು ಬೇಡ.

ಮೊದಲ ವರ್ಷಗಳಲ್ಲಿ ಹೊಟ್ಟೆಪಾಡು ಹೇಗೆ? ನಂತರ ನ್ಯಾಯಾಧೀಶೆಯಾಗುವ ಆಸೆ. – ಓದುಗರು, ಮೈಸೂರು

ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಶಿಷ್ಯವೇತನ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಸೀನಿಯರುಗಳಿಗೆ ಶಿಫಾರಸು ಮಾಡಿದೆ. ಶಿಫಾರಸು ಅಷ್ಟೇ, ಕೊಡದಿದ್ದರೆ ಕೇಳುವವರಿಲ್ಲ. ಎಷ್ಟು ಕೊಡುತ್ತೀರಿ ಎಂದು ಸೇರುವ ದಿನವೇ ಕೇಳಿ, ಸಂಕೋಚ ಬೇಡ. ಆರೋಪಿಗಳಿಗೆ ಉಚಿತವಾಗಿ ವಕೀಲರನ್ನು ಒದಗಿಸುವ ಕಾನೂನು ನೆರವು ಪ್ರತಿರಕ್ಷಣಾ ವ್ಯವಸ್ಥೆಯಲ್ಲಿ ಸಹಾಯಕ ವಕೀಲರ ಹುದ್ದೆಗೆ ಹೊಸಬರನ್ನೂ ತೆಗೆದುಕೊಳ್ಳುತ್ತಾರೆ. ಅಲ್ಲಿರುವಷ್ಟು ಕಾಲ ಖಾಸಗಿ ಕೇಸು ಹಿಡಿಯುವಂತಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಪ್ಯಾನಲ್ ಸೇರಲು ಮೂರು ವರ್ಷದ ಅನುಭವ ಬೇಕು, ಸರ್ಕಾರಿ ಅಭಿಯೋಜಕರಾಗಲು ಏಳು.

ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕೀಲಿಕೆ ಇರಬೇಕು ಎಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ 20ರಂದು ಮತ್ತೆ ತಂದಿತು. ಅವಧಿ ತಾತ್ಕಾಲಿಕ ನೋಂದಣಿಯಿಂದ (ವಕೀಲರ ಪರೀಕ್ಷೆ ಪಾಸಾಗುವ ಮೊದಲಿನದು) ಎಣಿಕೆಯಾಗುತ್ತದೆ. ಆ ತೀರ್ಪಿನಂತೆ 10 ವರ್ಷ ಅನುಭವದ ವಕೀಲರ ಪ್ರಮಾಣಪತ್ರ, ಅದಕ್ಕೆ ನ್ಯಾಯಾಂಗ ಅಧಿಕಾರಿಯ ಮೇಲುರುಜು ಬೇಕು. ಅರ್ಜಿ ಹಾಕುವಾಗ ಆ ಸಲದ ಅಧಿಸೂಚನೆಯ ಷರತ್ತು ಓದಿಕೊಳ್ಳಿ. ಜೂನಿಯರುಗಳು ಎಡವುವುದು ಇಲ್ಲೇ: ಮೂರು ವರ್ಷ ದುಡಿದಿದ್ದರೂ ಒಂದು ವಕಾಲತ್ತಿನಲ್ಲೂ ತಮ್ಮ ಹೆಸರಿರುವುದಿಲ್ಲ. ಸೇರಿದ ಮೊದಲ ವಾರವೇ ಸೀನಿಯರಿಗೆ ಹೇಳಿ ವಕಾಲತ್ತಿನಲ್ಲಿ ನಿಮ್ಮ ಹೆಸರು, ನೋಂದಣಿ ಸಂಖ್ಯೆ ಬರೆಸಿಕೊಳ್ಳಿ. ನೀವು ಹಾಜರಿದ್ದ ದಿನ ಆರ್ಡರ್ ಶೀಟಿನಲ್ಲಿ ಹೆಸರು ಬಂದಿದ್ದರೆ ಅದರ ದೃಢೀಕೃತ ನಕಲು ತೆಗೆದು, ಇಸವಿವಾರು ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ.