ಸರ್ಪಸುತ್ತಿನ ನೋವಿಗೆ ಹೃದಯದ ಮಾತ್ರೆಯೇ?

ಪ್ರಶ್ನೆ: ನನ್ನ ತಾಯಿಗೆ 68 ವರ್ಷ. ಸೊಂಟದ ಮೇಲೆದ್ದಿದ್ದ ಸರ್ಪಸುತ್ತು ಒಣಗಿ ನಾಲ್ಕು ತಿಂಗಳಾದರೂ ಉರಿ ಇಳಿದಿಲ್ಲ. ಸೀರೆಯ ಅಂಚು ತಾಗಿದರೂ ಬೆಚ್ಚಿಬೀಳುತ್ತಾರೆ. ಹೃದಯ ಬಡಿತದ ಏರುಪೇರಿಗೆ ಕೊಡುವ ಮೆಕ್ಸಿಲೆಟಿನ್ ಮಾತ್ರೆಯಿಂದ ಇಲಿಗಳಲ್ಲಿ ಇಂಥ ನೋವು ತಗ್ಗಿತೆಂದು ಓದಿದೆ. ಅದನ್ನು ಅಮ್ಮನಿಗೆ ಕೊಡಿಸಬಹುದೇ?
– ಓದುಗರು, ಹಾಸನ

ಉತ್ತರ: ನೀವು ಓದಿದ್ದು ನಿಜ. ಆದರೆ ಆ ಮಾತ್ರೆಯನ್ನು ನೀವಾಗಿಯೇ ತಂದು ಕೊಡಬೇಡಿ.

ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ತಂದ ವೈರಸ್ ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ದಶಕಗಳ ಕಾಲ ಅಡಗಿದ್ದು, ಸರ್ಪಸುತ್ತಾಗಿ ಮರಳುವಾಗ ನರವನ್ನೇ ಘಾಸಿಗೊಳಿಸುವುದರಿಂದ, ಗುಳ್ಳೆಗಳು ಒಣಗಿದ ಮೇಲೂ ಆ ನರ ನೋವಿನ ಸಂಕೇತವನ್ನು ಕಳಿಸುತ್ತಲೇ ಇರುತ್ತದೆ. ಈ ಸಂಕೇತ ಹುಟ್ಟುವುದು ನರಕೋಶದ ಪೊರೆಯಲ್ಲಿರುವ ಸೂಕ್ಷ್ಮ ದ್ವಾರಗಳ ಮೂಲಕ ಸೋಡಿಯಂ ಒಳನುಗ್ಗಿದಾಗ. ಹೃದಯದ ಸ್ನಾಯುವಿನಲ್ಲಿಯೂ ಇಂಥ ದ್ವಾರಗಳಿವೆ. ಹಲ್ಲು ಕೀಳುವಾಗ ಚುಚ್ಚುವ ಲಿಗ್ನೊಕೇನ್‌ನ ಹತ್ತಿರದ ಬಂಧುವಾದ ಮೆಕ್ಸಿಲೆಟಿನ್ ಎರಡೂ ಕಡೆ ಅವನ್ನು ತಡೆಯುತ್ತದೆ.

ಎಡಿನ್‌ಬರೋದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ವೈರಸ್ ತಗುಲಿದ ಕೋಶಗಳನ್ನು ಇಲಿಯ ಪಾದಕ್ಕೆ ಚುಚ್ಚಲಾಗಿತ್ತು. ಇಂಥ ಪರೀಕ್ಷೆಯಲ್ಲಿ ಇಲಿಯನ್ನು ತಂತಿ ಜಾಲರಿಯ ಮೇಲೆ ನಿಲ್ಲಿಸಿ, ಕೆಳಗಿನಿಂದ ಕೂದಲಿನಂಥ ನೈಲಾನ್ ಎಳೆಯನ್ನು ಅದು ಬಾಗುವವರೆಗೂ ಅಂಗಾಲಿಗೆ ಒತ್ತುತ್ತಾರೆ. ಆರೋಗ್ಯವಂತ ಇಲಿ ಲೆಕ್ಕಿಸದ ತೆಳು ಎಳೆಗೂ ಸೋಂಕು ತಗುಲಿದ ಇಲಿ ಥಟ್ಟನೆ ಕಾಲೆಳೆದುಕೊಳ್ಳುತ್ತದೆ, ನಿಮ್ಮ ತಾಯಿಯವರು ಸೀರೆಯ ಅಂಚಿಗೆ ಬೆಚ್ಚುವ ಹಾಗೆಯೇ. ಮೆಕ್ಸಿಲೆಟಿನ್ ಕೊಟ್ಟಾಗ ಈ ಅತಿಸಂವೇದನೆ ತಗ್ಗಿತು.

ಇದು ಬೆಲೆಯುಳ್ಳ ಸುಳಿವು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಇಲಿಗೆ ಮನುಷ್ಯರಂತೆ ಸರ್ಪಸುತ್ತು ಏಳುವುದಿಲ್ಲ, ಮತ್ತು ಅದು ಕಾಲೆಳೆದುಕೊಳ್ಳುವುದನ್ನು ಅಳೆಯಬಹುದೇ ಹೊರತು ರಾತ್ರಿಯಿಡೀ ಕಾಡುವ ಉರಿಯನ್ನು ಕೇಳಿ ತಿಳಿಯಲಾಗದು. ಎಚ್‌ಐವಿಯಿಂದ ನರನೋವು ಕಾಣಿಸಿಕೊಂಡಿದ್ದ 145 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದು 1998ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಇದೇ ಮಾತ್ರೆ ಔಷಧವಿಲ್ಲದ ಹುಸಿ ಮಾತ್ರೆಗಿಂತ ಮೇಲೆನಿಸಲಿಲ್ಲ. ಅದು ಬೇರೆ ವೈರಸ್ ನಿಜ. ಆದರೂ ಆ ಫಲಿತಾಂಶವನ್ನು ಬದಿಗಿಡಲಾಗದು. ಮೇಲಾಗಿ ಹೃದಯದ ಲಯವನ್ನು ಸರಿಪಡಿಸುವ ಈ ಔಷಧ ಕೆಲವರಲ್ಲಿ ಅದನ್ನೇ ಕೆಡಿಸಬಲ್ಲದು. ವಾಕರಿಕೆ, ತಲೆಸುತ್ತು, ಕೈನಡುಕ ಸಾಮಾನ್ಯ.

ತಾಯಿಯವರನ್ನು ನರರೋಗ ತಜ್ಞರ ಬಳಿ ಕರೆದೊಯ್ದು ಗ್ಯಾಬಪೆಂಟಿನ್, ಪ್ರೀಗ್ಯಾಬಲಿನ್, ಅಮಿಟ್ರಿಪ್ಟಿಲಿನ್ ಅಥವಾ ಚರ್ಮಕ್ಕೆ ಅಂಟಿಸುವ ಲಿಗ್ನೊಕೇನ್ ಪಟ್ಟಿಯ ಬಗ್ಗೆ ಕೇಳಿ. ಮೊದಲ ಮೂರೂ ಮಂಪರು ತರಬಲ್ಲವಾದ್ದರಿಂದ ಈ ವಯಸ್ಸಿನಲ್ಲಿ ಕಡಿಮೆ ಪ್ರಮಾಣದಿಂದಲೇ ಶುರುಮಾಡಬೇಕು. ಅವರಿಗೆ ಹೃದ್ರೋಗವಿದ್ದರೆ ಅಮಿಟ್ರಿಪ್ಟಿಲಿನ್ ಬರೆಯುವ ಮೊದಲೇ ವೈದ್ಯರಿಗೆ ತಿಳಿಸಿ, ಹಳೆಯ ಇಸಿಜಿ ಇದ್ದರೆ ಜೊತೆಗೆ ಒಯ್ಯಿರಿ.